ಉಸ್ತಾದನ ಕಿವಿ

ಹೊಟ್ಟೆಕಿಚ್ಚು ಹೆತ್ತ ಮಗಳ ಮೇಲೂ ಬರುತ್ತದೆ ಎಂಬುದು ನರಸಿಂಗನಿಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಬಸವಕಲ್ಯಾಣದ ಹತ್ತಿರ ಹೈವೇ ಮೇಲಿನ ಸಸ್ತಾಪುರ ಬಂಗ್ಲಾದ ಚಹಾದಂಗಡಿಯ ಮುಂದೆ, ಅರ್ಧ ಕುಡಿದ ಚಹಾ ಕೈಯಲ್ಲಿ ಹಿಡಿದು ನಿಂತಾಗ. ಅಣ್ಣತಮ್ಮಂದಿರ ಮೇಲೆ ಬರುತ್ತದೆ, ದಾಯಾದಿಗಳ ಮೇಲೆ ಬರುತ್ತದೆ, ಓಣಿಯಲ್ಲಿ ಯಾರೋ ಮಹಡಿ ಏರಿಸಿದರೆ ಬರುತ್ತದೆ. ಅದೆಲ್ಲ ಇರಲಿ, ಲೋಕ ಇರುವುದೇ ಹಾಗೆ. ಆದರೆ ತಾನೇ ಎತ್ತಿ ಆಡಿಸಿದ, ತಾನೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದ ಮಗಳ ಮೇಲೆ? ಥೂ ನಿನ್ನ, ಎಂದು ಅವನು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಉರಿ ಇಳಿಯಲಿಲ್ಲ.

ಕಿಡಿ ಹಚ್ಚಿದವನು ಡ್ರೈವರ್ ಅಮೀರ. ಪಾಪ, ಅವನಿಗೇನು ಗೊತ್ತು. ಘಾಟಬೋರಾಳದ ಬಕ್ಕಪ್ಪ ಸಾವ್ಕಾರರಿಗೆ ಹನ್ನೊಂದು ಲಾರಿ, ಅವುಗಳಲ್ಲಿ ಹೊಸದನ್ನು ಓಡಿಸುವವನು ಇವನು. ಖುಷಿಯ ಸುದ್ದಿ ತಂದಿದ್ದೇನೆ ಎಂದುಕೊಂಡೇ ಬಂದಿದ್ದ.

"ಉಸ್ತಾದ, ನಿಮ್ಮ ಮಗಳ ಕೈಯಾಗ ಜಾದೂ ಅದ ನೋಡ್ರಿ," ಅಂದ. "ನಿನ್ನೆ ಹುಮನಾಬಾದಿನ್ಯಾಗ ನಮ್ಮ ಹದಿನಾಲ್ಕ ಗಾಲಿ ಗಾಡಿ ಬಿಲ್ಕುಲ್ ಸ್ಟಾರ್ಟ್ ಆಗಲಿಲ್ಲ. ವಿಶಾಖಾ ಮೇಡಂ ಬಂದ್ರು, ಸ್ಟೇರಿಂಗ್ ಬುಡಕ ಒಂದ ವಾಯರ್ ಚುಚ್ಚಿದ್ರು, ಟ್ಯಾಬಿನ್ಯಾಗ ನೋಡಿದ್ರು. ಒಂದ ನಟ್ ಬಿಚ್ಚಲಿಲ್ಲ. ಇಪ್ಪತ್ತ ಮಿನಿಟಿನ್ಯಾಗ ಗಾಡಿ ರೆಡಿ. ನಮ್ಮ ಸಾವ್ಕಾರ್ರು ಖುದ್ದ ಕುರ್ಚಿ ಎಳದ ಕೊಟ್ಟು, ಕೂಡ್ರಿ ಮೇಡಂ ಅಂದ್ರು."

"ಮತ್ತ? ಮಗಳು ಯಾರಕಿ?" ಎಂದು ನರಸಿಂಗ ಹಲ್ಲು ಕಿರಿದು, ಅಲ್ಲಿದ್ದ ನಾಲ್ಕೈದು ಜನರಿಗೂ ಚಹಾ ಹೇಳಿದ. ತನ್ನ ಚಹಾ ಮಾತ್ರ ಚೆಲ್ಲಿದ. ಅಮೀರ ಹೇಳಿದ್ದರಲ್ಲಿ ಅವನಿಗೆ ಚುಚ್ಚಿದ್ದು ವಾಯರ್ ಅಲ್ಲ, ಟ್ಯಾಬ್ ಅಲ್ಲ. ಕುರ್ಚಿ.

ಆ ಕುರ್ಚಿಯ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ನರಸಿಂಗನ ಅಪ್ಪ ಮೋರಖಂಡಿಯಲ್ಲಿ ಕಂಡವರ ಹೊಲದಲ್ಲಿ ದುಡಿದವನು. ಬಕ್ಕಪ್ಪನಂಥವರ ಮನೆಗೆ ಹೋದರೆ ಅಂಗಳದಲ್ಲೇ ನಿಲ್ಲಬೇಕಿತ್ತು. ನೀರು ಕೇಳಿದರೆ ಮೇಲಿಂದ ಸುರಿಯುತ್ತಿದ್ದರು, ಬೊಗಸೆ ಒಡ್ಡಿ ಕುಡಿಯಬೇಕಿತ್ತು. ಆ ಬೊಗಸೆ ಒಡ್ಡಲಾರೆ ಎಂದು ನರಸಿಂಗ ಮೀಸೆ ಮೂಡುವ ಮೊದಲೇ ಬಂಗ್ಲಾಕ್ಕೆ ಬಂದು ಲಾರಿಗಳ ಕೆಳಗೆ ಸೇರಿಕೊಂಡ. ಬೇರೆ ಊರಿನಲ್ಲಿ ಗುಜರಿಗೆ ಎಂದು ಬರೆದಿಟ್ಟ ಲಾರಿ ಬಸವಕಲ್ಯಾಣಕ್ಕೆ ಬಂದು ಹೊಸ ಮದುಮಗಳಾಗಿ ಹೋಗುತ್ತಿದ್ದ ಕಾಲ ಅದು. ಎಣ್ಣೆಯಲ್ಲಿ ಮಿಂದ, ಬೈಸಿಕೊಂಡ, ನಟ್ಟು ತಿರುಗಿಸುವ ಪಾನಾದಲ್ಲಿ ಬೆರಳು ಜಜ್ಜಿಕೊಂಡ. ಹಾಗೆ ಇದ್ದವನಿಗೆ ಒಂದು ದಿನ ತನಗೆ ಎಂಥ ಕಿವಿ ಇದೆ ಎಂಬುದು ತಿಳಿಯಿತು.

ಎರಡು ಅಡಿ ಉದ್ದದ ಒಂದು ಕಬ್ಬಿಣದ ಸಳಿ. ಓಡುತ್ತಿರುವ ಎಂಜಿನ್ನಿನ ಮೇಲೆ ಅದರ ಒಂದು ತುದಿ, ಕಿವಿಯ ಬುಡದ ಎಲುಬಿಗೆ ಇನ್ನೊಂದು ತುದಿ. ಅಷ್ಟೇ. "ಮೂರನೇ ಸಿಲಿಂಡರಿನ ವಾಲ್ವ್ ಸಡ್ಲ ಆಗ್ಯದ" ಅನ್ನುತ್ತಿದ್ದ ನರಸಿಂಗ. ಬಿಚ್ಚಿ ನೋಡಿದರೆ ಮೂರನೆಯದೇ. ಎರಡು ದಿನ ಬಿಚ್ಚಿ ಹುಡುಕುವುದನ್ನು ಅವನ ಕಿವಿ ಎರಡು ನಿಮಿಷದಲ್ಲಿ ಹೇಳುತ್ತಿತ್ತು. ಬರಬರುತ್ತ ಅದು ಬಂಗ್ಲಾದ ವಾಡಿಕೆಯೇ ಆಗಿಹೋಯಿತು. ಗಾಡಿ ಎಲ್ಲೇ ರಿಪೇರಿಯಾಗಲಿ, ಯಾರೇ ಮಾಡಲಿ, ಉಸ್ತಾದ ಸಳಿ ಹಚ್ಚಿ "ಹೂಂ, ಹೋಗ್ಲಿ" ಅನ್ನದೆ ಲೋಡು ಹೊತ್ತು ಹೈವೇ ಹತ್ತುತ್ತಿರಲಿಲ್ಲ. ಅದಕ್ಕೆ ನರಸಿಂಗ ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಕಪ್ಪು ಚಹಾ, ಆಯಿತು. ಮರ್ಯಾದೆಗೆ ಎಲ್ಲಾದರೂ ಮಜೂರಿ ಉಂಟೇ? ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ದಿನ ಬಕ್ಕಪ್ಪ ಸಾವ್ಕಾರರು ತಾವು ಕೂತಿದ್ದ ಕುರ್ಚಿಯಿಂದ ಎದ್ದು, ಅದನ್ನೇ ಎಳೆದು, "ಕೂಡ್ರಿ ಉಸ್ತಾದ" ಅಂದಿದ್ದರು. ಅವತ್ತು ನರಸಿಂಗ ಮನೆಗೆ ಬಂದು ಹೆಂಡತಿ ಅಂಬುಬಾಯಿಯ ಮುಂದೆ ಅತ್ತಿದ್ದ.

ಇಪ್ಪತ್ತು ವರ್ಷದ ಕುರ್ಚಿ. ಮಗಳಿಗೆ ಇಪ್ಪತ್ತು ನಿಮಿಷಕ್ಕೆ ಸಿಕ್ಕಿತು.

ಹಾಗಂತ ಅವಳನ್ನು ಓದಿಸಿದವನು ಯಾರು? ಇವನೇ. ಡಿಪ್ಲೊಮಾಕ್ಕೆ ಸೇರಿಸಿದಾಗ ಓಣಿಯವರೆಲ್ಲ ಮೂಗು ಮುರಿದಿದ್ದರು, ಹೆಣ್ಣು ಹುಡುಗಿ ಪಾನಾ ಹಿಡಿಯುತ್ತಾಳಂತೆ ಎಂದು ನಕ್ಕಿದ್ದರು. ಬಾಬಾಸಾಹೇಬರ ಫೋಟೊ ತೋರಿಸಿ, "ಅವರು ಪೆನ್ ಹಿಡಿ ಅಂದಾರ, ಇಂಥದ್ದ ಪೆನ್ ಅಂತ ಹೇಳಿಲ್ಲ" ಎಂದು ಎಲ್ಲರ ಬಾಯಿ ಮುಚ್ಚಿಸಿದವನು ಇದೇ ನರಸಿಂಗ. ಅವಳು ಪುಣೆಯಲ್ಲಿ ಆರು ತಿಂಗಳು ಟ್ರೇನಿಂಗ್ ಮುಗಿಸಿ, ಹುಮನಾಬಾದಿನ ಹೈವೇ ಪಕ್ಕದ ಹೊಸ ವರ್ಕ್‌ಶಾಪಿಗೆ ಸೇರಿದಾಗ ಬಂಗ್ಲಾಕ್ಕೆಲ್ಲ ಪೇಢೆ ಹಂಚಿದವನೂ ಇವನೇ. ಆಗ ಅವನ ಎಣಿಕೆ ಏನಿತ್ತೆಂದರೆ, ಮಗಳು ನೌಕರಿ ಮಾಡುತ್ತಾಳೆ, ಉಸ್ತಾದ ಮಾತ್ರ ತಾನೇ ಆಗಿರುತ್ತೇನೆ. ಆದರೆ ಹಳೆಯ ಗಾಡಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು. ಹೊಸವುಗಳ ಎಂಜಿನ್ನಿನ ತುಂಬ ವಾಯರು, ಸೆನ್ಸರು. ಮಕರ ಸಂಕ್ರಾಂತಿಯಿಂದ ಈಚೆಗೆ ನರಸಿಂಗನ ಶೆಡ್ಡಿಗೆ ದಿನಕ್ಕೆ ಒಂದು ಗಾಡಿ ಬಂದರೆ ಹೆಚ್ಚು, ಮಗಳ ವರ್ಕ್‌ಶಾಪಿನ ಮುಂದೆ ಮಾತ್ರ ಸಾಲು.

ಅಲ್ಲಿಗೆ ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು ಅನಿಸಿತು. ಹೊಟ್ಟೆ ಉರಿಯುವವನಿಗೆ ಅದೊಂದು ಚಟ, ಉರಿಯುವ ಜಾಗಕ್ಕೇ ಹೋಗಿ ನಿಲ್ಲುತ್ತಾನೆ. ಅವಳು ಮರೆತು ಬಿಟ್ಟುಹೋಗಿದ್ದ ಊಟದ ಡಬ್ಬಿ ಒಳ್ಳೆ ನೆಪವಾಯಿತು. ಬಸ್ಸು ಹತ್ತಿ ಹುಮನಾಬಾದಿಗೆ ಹೋದ.

ನೆಲ ಅಂದರೆ ನೆಲ ಅದು. ಊಟದ ತಾಟು ಇಲ್ಲದೆ ಹಾಗೇ ಉಣ್ಣಬಹುದು, ಅಷ್ಟು ಚೊಕ್ಕಟ. ಒಂದು ಹನಿ ಎಣ್ಣೆ ಬಿದ್ದರೆ ಮೇಲೆ ಮರದ ಪುಡಿ ಚೆಲ್ಲಿ ಬಳಿದುಬಿಡುತ್ತಿದ್ದರು. ವಿಶಾಖಾ ನೀಲಿ ಅಂಗಿ, ದಪ್ಪ ಬೂಟು ಹಾಕಿಕೊಂಡು ಒಂದು ಲಾರಿಯ ಪಕ್ಕ ನಿಂತಿದ್ದಳು. ಅವಳ ಉಗುರು ಬೆಳ್ಳಗಿದ್ದವು. ನರಸಿಂಗ ತನ್ನ ಉಗುರು ನೋಡಿಕೊಂಡ. ನಲವತ್ತು ವರ್ಷದ ಕರಿ ಎಣ್ಣೆ ಅಲ್ಲಿ ಮನೆ ಮಾಡಿಕೊಂಡು ಕೂತಿತ್ತು, ಯಾವ ಸಾಬೂನಿಗೂ ಎದ್ದು ಹೋಗುವಂಥದ್ದಲ್ಲ. ಅವನು ಕೈಯನ್ನು ಡಬ್ಬಿಯ ಚೀಲದ ಹಿಂದೆ ಇಟ್ಟುಕೊಂಡ.

"ಅಪ್ಪಾ, ನೀ ಯಾಕ ತಕ್ಲೀಫ್ ತೊಗೊಂಡಿ?" ಎಂದು ಮಗಳು ಓಡಿ ಬಂದಳು. ಅವನ ತೋಳು ಹಿಡಿದು ಮ್ಯಾನೇಜರ್ ಅಮೃತನ ಹತ್ತಿರ ಕರೆದೊಯ್ದಳು. "ಸರ್, ನಮ್ಮಪ್ಪರಿ. ನಾ ಕಲ್ತಿದ್ದೆಲ್ಲ ಮೊದಲ ಇವರ ಕಡಿಂದೇ."

ಅಮೃತ ಕೆಟ್ಟವನಲ್ಲ, ಮೂವತ್ತೈದರ ಎಂಜಿನಿಯರು, ಎದ್ದು ನಿಂತೇ ಕೈ ಕೊಟ್ಟ. "ಓ, ಬರ್ರಿ ಕಾಕಾ. ಹಳೇ ಕಾಲದ ಮಿಸ್ತ್ರಿಗೋಳ್ದು ಬ್ಯಾರೇನೇ ಇತ್ತು ಬಿಡ್ರಿ."

ಇತ್ತು. ಇದೆ ಅನ್ನಲಿಲ್ಲ, ಇತ್ತು ಅಂದ.

ಅಮೃತನೇ ಮಾತು ಮುಂದುವರಿಸಿ, ವಿಶಾಖಾಳ ಒಂದು ವರ್ಷದ ಕರಾರು ಬರುವ ತಿಂಗಳು ಮುಗಿಯುತ್ತದೆ ಎಂದೂ, ಆಗ ಒಬ್ಬರನ್ನು ಕಾಯಂ ಮಾಡಿ ಹೆಡ್ ಟೆಕ್ನಿಷಿಯನ್ ಮಾಡುತ್ತಾರೆ ಎಂದೂ ಹೇಳಿದ. ಹೆಚ್ಚುಕಡಿಮೆ ಅವಳೇ. ಹನ್ನೊಂದು ತಿಂಗಳಲ್ಲಿ ಅವಳು ಮಾಡಿ ಕಳಿಸಿದ ಒಂದು ಗಾಡಿಯೂ ತಿರುಗಿ ಬಂದಿಲ್ಲ. "ಹೊಳ್ಳಿ ಬಂತಂದ್ರ ಮಾತ್ರ ಮುಗೀತ್ರಿ. ಮ್ಯಾಲಿನವರು ಹೆಸರ ಹೊಡದ ಹಾಕ್ತಾರ, ಕರಾರೂ ಮುಂದ ನಡ್ಯಾಂಗಿಲ್ಲ," ಎಂದು ನಕ್ಕ. ಮಗಳು ಪಕ್ಕದಲ್ಲಿದ್ದ ಲಾರಿಯ ಟೈರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ತಮಾಷೆಗೆ. ಅಪ್ಪನೂ ನಕ್ಕ, ನಗಬೇಕಲ್ಲ.

ಅಂದಿನಿಂದ ಮನೆಯಲ್ಲಿ ಅವನ ಮುಖದ ಗಂಟು ಬಿಚ್ಚಲಿಲ್ಲ. ವಿಶಾಖಾಳ ಸ್ಕೂಟಿಯ ಹಾರನ್ ಕರ್ಕಶ ಅಂದ. ಫೋನಿನಲ್ಲಿ ಅವಳ ಇಂಗ್ಲಿಷು ಜಾಸ್ತಿಯಾಯಿತು ಅಂದ. ಭಾನುವಾರ ಅವಳು ತಟ್ಟಿದ ಜೋಳದ ರೊಟ್ಟಿ ದಪ್ಪ ಅಂದ. ಅಂಬುಬಾಯಿ ಒಲೆಯ ಮುಂದೆ ಕೂತವಳು ಗಂಡನನ್ನು ಸುಮ್ಮನೆ ನೋಡುತ್ತಿದ್ದಳು. ಮಗಳು ಹೊರಗೆ ಹೋದದ್ದೇ ತಡ, ಬಾಯಿ ಬಿಟ್ಟಳು.

"ರೊಟ್ಟಿ ನಾ ಬಡದೀನ್ರಿ. ಆಕಿ ಬರೇ ಬೇಯಿಸ್ಯಾಳ."

"ಯಾರ ಬಡದ್ರೇನು, ದಪ್ಪ ಅದ."

"ಇಪ್ಪತ್ತೆಂಟ ವರ್ಷದಾಗ ಈಗ ದಪ್ಪ ಆತು? ನಿಮ್ಗ ಏನಾಗ್ಯದ ನನಗ ತಿಳ್ಯಾಂಗಿಲ್ಲ ಅನ್ಕೊಂಡೀರೇನು? ಯಾರರ ಆಕೀನ ಹೊಗಳಿದ ದಿನ ನಿಮ್ಗ ಊಟ ಸೇರಾಂಗಿಲ್ಲ. ಹಡದಾಕಿ ನಾನು, ನನಗೇ ನಾಚಿಕಿ ಬರ್ತದ."

ಅವನು ತಾಟು ಸರಿಸಿ ಎದ್ದ. ಹೆಂಡತಿ ಹೇಳಿದ್ದು ಖರೇ ಎಂದು ಗೊತ್ತಿತ್ತು. ಖರೇ ಮಾತಿನಿಂದ ಯಾರ ಹೊಟ್ಟೆ ತಣ್ಣಗಾಗಿದೆ ಹೇಳಿ. ಅವನಿಗೆ ಬೇಕಾಗಿದ್ದದ್ದು ಒಂದೇ. ಒಂದು ಸಲ, ಒಂದೇ ಒಂದು ಸಲ, ಆ ಟ್ಯಾಬು ತಪ್ಪಬೇಕು. ಬಕ್ಕಪ್ಪ ಸಾವ್ಕಾರರು ಹೌಹಾರಿ ಬಂಗ್ಲಾಕ್ಕೆ ಬರಬೇಕು. ಬಂದು, ಉಸ್ತಾದ ನಿಮ್ಮನ್ನ ಬಿಟ್ರ ಇಲ್ಲ ಅನ್ನಬೇಕು.

ಬಯಸಿದ್ದು ಮನೆ ಬಾಗಿಲಿಗೇ ಬಂತು.

ಬುಧವಾರ, ಸಂಜೆ ಐದರ ಬಿಸಿಲು. ಬಕ್ಕಪ್ಪನವರ ಅದೇ ಹದಿನಾಲ್ಕು ಗಾಲಿಯ ಲಾರಿ ತೊಗರಿಬೇಳೆ ಹೇರಿಕೊಂಡು ಬಂದು ಶೆಡ್ಡಿನ ಮುಂದೆ ನಿಂತಿತು. ಹಿಂದೆಯೇ ಸ್ಕೂಟಿಯಲ್ಲಿ ವಿಶಾಖಾ. ಈ ಸಲದ ತಕರಾರು ಬೇರೆ, ಲಾರಿ ಏರಿನಲ್ಲಿ ಜಗ್ಗುತ್ತಿರಲಿಲ್ಲ, ಕರಿ ಹೊಗೆ ಬಿಡುತ್ತಿತ್ತು. ಅವಳು ನೋಡಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಲ್ಲಿ ನಾಲ್ಕನೆಯದು ಸೋರುತ್ತಿದೆ ಎಂದು ಕಂಡುಹಿಡಿದು, ಬದಲಿಸಿ, ಎಂಜಿನ್ ಆಯಿಲ್ ಕೂಡ ಹೊಸದು ಹಾಕಿದ್ದಳು. ಈಗ ಗಾಡಿ ಪುಣೆಗೆ ಹೊರಟಿತ್ತು.

"ಸಾವ್ಕಾರ್ರು ಹೇಳ್ಯಾರ, ಉಸ್ತಾದ ಹೂಂ ಅನ್ನದ ಗಾಡಿ ಬಿಡಬ್ಯಾಡ ಅಂತ," ಅಮೀರ ಕ್ಯಾಬಿನ್ನಿನಿಂದಲೇ ಹೇಳಿದ.

"ನಾನೂ ಅದಕ್ಕೇ ಬಂದೀನಿ ಅಪ್ಪಾ," ಅಂದಳು ವಿಶಾಖಾ. "ಸ್ಕ್ಯಾನರ್ ಎಲ್ಲಾ ಬರೋಬರ್ ಅಂತದ. ಆದ್ರೂ ನೀ ಒಮ್ಮೆ ಕೇಳು."

ನರಸಿಂಗ ಸಳಿ ತಂದ. ಎಂಜಿನ್ನಿನ ಪಕ್ಕಕ್ಕೆ ಬಗ್ಗಿ ತುದಿ ಊರಿದ, ಕಣ್ಣು ಮುಚ್ಚಿದ. ಅಮೀರನಿಗೆ ಕೈ ಸನ್ನೆ ಮಾಡಿ ಎಕ್ಸಿಲರೇಟರ್ ಒತ್ತಿಸಿದ, ಬಿಡಿಸಿದ, ಮತ್ತೆ ಒತ್ತಿಸಿದ. ಇಂಜೆಕ್ಟರ್ ಆರೂ ಒಂದೇ ಲಯದಲ್ಲಿ ಬಡಿಯುತ್ತಿದ್ದವು. ಹುಡುಗಿ ಕೆಲಸ ಚೊಕ್ಕ ಮಾಡಿದ್ದಾಳೆ. ಅಮೀರ ಕಾಲು ತೆಗೆದ ಗಳಿಗೆಯಲ್ಲಿ, ಎಲ್ಲ ಸದ್ದುಗಳ ಅಡಿಯಿಂದ ಒಂದು ಮಂದ ಸಪ್ಪಳ ಬಂತು. ಟೊಕ್. ಆಮೇಲೆ ಏನಿಲ್ಲ. ಮತ್ತೊಮ್ಮೆ ಬಿಡಿಸಿದ. ಟೊಕ್.

ಅದೇನೆಂದು ಅವನಿಗೆ ತಕ್ಷಣ ಗೊತ್ತಾಯಿತು. ಇಂಜೆಕ್ಟರ್ ಸೋರಿದ ಡೀಸೆಲ್ ಕೆಳಗಿಳಿದು ಆಯಿಲ್ಲಿಗೆ ಕೂಡಿದೆ, ನೀರಾದ ಆಯಿಲ್ಲಿನಲ್ಲಿ ತಿರುಗಿ ತಿರುಗಿ ನಾಲ್ಕನೆಯ ಸಿಲಿಂಡರಿನ ಬೇರಿಂಗ್ ಸವೆದಿದೆ. ಹೊಸ ಆಯಿಲ್ ಹಾಕಿದ್ದರಿಂದ ಸಪ್ಪಳ ಸದ್ಯಕ್ಕೆ ಅಡಗಿದೆ. ಅದನ್ನು ಅಳೆಯುವ ಸೆನ್ಸರು ಈ ಗಾಡಿಯಲ್ಲಿಲ್ಲ, ಸ್ಕ್ಯಾನರ್ ಏನು ಹೇಳೀತು? ಒಂದು ದಿನ ಗಾಡಿ ನಿಲ್ಲಿಸಿ ಬೇರಿಂಗ್ ಬದಲಿಸಿದರೆ ಮುಗಿಯಿತು. ಹೀಗೇ ಬಿಟ್ಟರೆ ಒಂದು ಏರಿನಲ್ಲಿ ಎಂಜಿನ್ ಒಡೆದು ಕೈಗೆ ಬರುತ್ತದೆ.

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಮೀರ ಮೇಲಿಂದ ಕೂಗಿದ, "ಏನ ಮೇಡಂ, ಬಿಡ್ಲಿ?" ಸಳಿ ಕಿವಿಗೆ ಹಿಡಿದು ನಿಂತವನು ಉಸ್ತಾದ, ಕೇಳಿದ್ದು ಮೇಡಂನ್ನು. ನಾಲಿಗೆಯ ತುದಿಗೆ ಬಂದ ಮಾತು ಹೊರಳಿ ಒಳಗೆ ಹೋಯಿತು.

"ನಿನ್ನ ಮಷೀನ್ ಏನಂತದ?" ಎಂದು ನರಸಿಂಗ ಮಗಳನ್ನು ಕೇಳಿದ.

"ಬರೋಬರ್ ಅಂತದಲ್ಲ ಅಪ್ಪಾ. ನಿನಗೇನ ಕೇಳಿಸ್ತು?"

"ಮಷೀನ್ ಅಂದ ಮ್ಯಾಲ ಆತಲ್ಲ. ಹೂಂ, ಹೋಗ್ಲಿ."

ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಬೆನ್ನು ತಿರುಗಿಸಿ ಸಳಿ ಒರೆಸತೊಡಗಿದ. ಲಾರಿ ಹೈವೇ ಹತ್ತಿತು.

ಆಮೇಲಿನ ದಿನಗಳನ್ನು ಅವನು ಹೇಗೆ ಕಳೆದನೋ ಅವನಿಗೇ ಗೊತ್ತು. ಫೋನು ರಿಂಗಾದರೆ ಎತ್ತಲು ಹಿಂಜರಿಯುತ್ತಿದ್ದ, ಆಗದಿದ್ದರೆ ತೆಗೆದು ತೆಗೆದು ನೋಡುತ್ತಿದ್ದ. ಗುರುವಾರ ಬೆಳಿಗ್ಗೆ, ಅಮೀರನಿಗೆ ಫೋನ್ ಮಾಡಿ ಗಾಡಿ ಎಲ್ಲಿದ್ದರೂ ನಿಲ್ಲಿಸು ಅನ್ನಬೇಕು ಎಂದುಕೊಂಡ. ನಂಬರ್ ತೆಗೆದ. ಏನೆಂದು ಹೇಳುವುದು? ನಿನ್ನೆ ಕೇಳಿಸಿತ್ತು, ಹೇಳಲಿಲ್ಲ ಎಂದೇ? ಫೋನು ಜೇಬಿಗೆ ಹೋಯಿತು. ಗಾಡಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ನೆನಪಾದಾಗ ಫೋನು ಮತ್ತೆ ಹೊರಗೆ ಬರುತ್ತಿತ್ತು. ಅದೇ ಗಳಿಗೆಯಲ್ಲಿ, ಬಕ್ಕಪ್ಪ ಸಾವ್ಕಾರರು ತನ್ನ ಶೆಡ್ಡಿಗೆ ಬಂದು ಕೈ ಹಿಡಿಯುವ ಚಿತ್ರವೂ ಕಣ್ಣ ಮುಂದೆ ಬರುತ್ತಿತ್ತು, ಅದು ಬಂದರೆ ಹಿತವೂ ಆಗುತ್ತಿತ್ತು. ಎಂಥ ಮನುಷ್ಯನೋ ನೀನು, ಎಂದು ಕೇಳುವವರು ಯಾರೂ ಇರಲಿಲ್ಲ. ಅಂಬುಬಾಯಿಗೂ ಅವನು ಇದನ್ನು ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಪುಣೆಯಿಂದ ಮರಳಿ ಬರುವಾಗ ನಳದುರ್ಗದ ಆಚೆ ಏರಿನಲ್ಲಿ ಗಾಡಿ ನಿಂತಿತು. ನಿಂತಿತು ಅಂದರೆ ಹೇಗೆ, ಒಳಗಿನ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ತೂತು ಮಾಡಿಕೊಂಡು ಹೊರಗೆ ಬಂದಿತ್ತು. ಅಮೀರ ಬ್ರೇಕ್ ಹಿಡಿದು ಬದಿಗೆ ಹಚ್ಚಿದ, ಮೈಗೆ ಗೀರೂ ಆಗಲಿಲ್ಲ. ಸೋಮವಾರ ಲಾರಿಯನ್ನು ಕಟ್ಟಿ ಎಳೆದುಕೊಂಡು ಹುಮನಾಬಾದಿನ ವರ್ಕ್‌ಶಾಪಿಗೆ ತಂದರು. ಹನ್ನೊಂದು ಗಂಟೆಗೆ ಬಕ್ಕಪ್ಪನವರ ಫೋನ್ ಬಂತು.

"ಉಸ್ತಾದ, ನೀವ ಈಗಿಂದೀಗ ಹುಮನಾಬಾದಕ್ಕ ಬರ್ರಿ. ನಿಮ್ಮ ಮುಂದೇ ಮಾತಾಗ್ಲಿ."

ಬಯಸಿದ್ದ ಫೋನು ಇದೇ. ಅವನು ಹುಮನಾಬಾದಿನ ಬಸ್ಸು ಹತ್ತಿದ.

ಮ್ಯಾನೇಜರ್ ಅಮೃತನ ಕೋಣೆಯಲ್ಲಿ ಎ.ಸಿ. ಇತ್ತು, ಆದರೂ ಬಕ್ಕಪ್ಪ ಸಾವ್ಕಾರರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ವಿಶಾಖಾ ಗೋಡೆಗೆ ಆತು ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನಿಸುವಂತಿತ್ತು ಅವಳ ಮುಖ. ಮೇಜಿನ ಮೇಲೆ ಅವಳ ಹೆಸರು ಬರೆದ ಕರಾರಿನ ಕಾಗದವಿತ್ತು, ಅಮೃತ ಅದರ ಮೇಲೆ ಪೆನ್ನಿಟ್ಟುಕೊಂಡು ಕೂತಿದ್ದ.

ನರಸಿಂಗ ಒಳಗೆ ಬರುತ್ತಿದ್ದಂತೆ ಬಕ್ಕಪ್ಪ ಎದ್ದು ಕುರ್ಚಿ ಎಳೆದರು. "ಕೂಡ್ರಿ ಉಸ್ತಾದ." ಅವನಿಗೆ ಕೂರಲಾಗಲಿಲ್ಲ.

"ನೋಡ್ರಿ ಮ್ಯಾನೇಜರ್ ಸಾಹೇಬ್ರ," ಎಂದು ಬಕ್ಕಪ್ಪ ಶುರು ಮಾಡಿದರು. "ಹತ್ತಿಪ್ಪತ್ತ ವರ್ಷ ಆತು, ಇವರು ಹೂಂ ಅಂದ ಗಾಡಿ ಒಂದೂ ನಡುದಾರ್ಯಾಗ ನಿಂತಿಲ್ಲ. ಬುಧವಾರ ಇವರು ಸಳಿ ಹಚ್ಯಾರ. ಇಂಥಾ ಸಪ್ಪಳ ಇವರ ಕಿವಿಗಿ ಬೀಳಲಾರದ ಹೋಗಾಂಗಿಲ್ಲ. ಇವರು ಹೇಳ್ಯಾರ, ಈ ಹುಡುಗೀನೇ ಕೇಳಿಲ್ಲ. ತನ್ನ ಮಷೀನಿನ ಮುಂದ ಅಪ್ಪನ ಮಾತ ಯಾಕ ಬೇಕು ಅಂತ ಬಿಟ್ಟಾಳ. ಹೌದಲ್ಲ ಉಸ್ತಾದ?"

ಅಮೃತ ವಿಶಾಖಾಳ ಕಡೆ ನೋಡಿದ. "ಹೌದೇನ್ರಿ ವಿಶಾಖಾ? ಅವರು ಹೇಳಿದ್ರಾ?"

ಅವಳು ಬಾಯಿ ತೆರೆದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಹೋಗ್ಲಿ ಅಂದಿದ್ದರು ಎಂದು ಅವಳು ಹೇಳಬಹುದಿತ್ತು, ಅಮೀರನೂ ಸಾಕ್ಷಿ ಇದ್ದ, ಸಾವ್ಕಾರರಿಗೆ ಎದುರು ಹೇಳುವ ಧೈರ್ಯ ಅವನಿಗಿರಲಿಲ್ಲ ಅಷ್ಟೇ. ಹೇಳಲಿಲ್ಲ. ಅಪ್ಪನನ್ನು ನೋಡುತ್ತ ನಿಂತಳು.

ಈಗ ನರಸಿಂಗ ಏನೂ ಮಾಡಬೇಕಾಗಿರಲಿಲ್ಲ. ಬುಧವಾರದ ಹಾಗೆ ಇನ್ನೊಮ್ಮೆ ಸುಮ್ಮನಿದ್ದರೆ ಸಾಕಿತ್ತು. ಕುರ್ಚಿ ಅವನಿಗೇ ಉಳಿಯುತ್ತಿತ್ತು, ಉಸ್ತಾದನೂ ಅವನೇ. ನಾಳೆ ಬಂಗ್ಲಾದ ಚಹಾದಂಗಡಿಯಲ್ಲಿ ಎಲ್ಲರೂ, ಟ್ಯಾಬು ಗೀಬು ಎಲ್ಲ ಸುಳ್ಳು, ಉಸ್ತಾದನ ಕಿವಿಯೇ ಖರೇ ಅನ್ನುತ್ತಿದ್ದರು. ಮಗಳು ಪಾನಾ ಕೆಳಗಿಟ್ಟು ಮನೆಯಲ್ಲಿ ಕೂರುತ್ತಿದ್ದಳು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಅವನ ಮನಸ್ಸು ಅದನ್ನು ಚಪ್ಪರಿಸಿತು. ಎಷ್ಟು ದಿನದಿಂದ ಕಾದಿದ್ದ ರುಚಿ ಅದು. ಆಮೇಲೆ ಮೇಜಿನ ಮೇಲಿನ ಕಾಗದದಲ್ಲಿ ಮಗಳ ಹೆಸರಿನ ಜೊತೆಗೆ ತನ್ನ ಹೆಸರೂ ಕಂಡಿತು. ವಿಶಾಖಾ ನರಸಿಂಗ ಎಂದು ಬರೆದಿತ್ತು. ಅವಳ ಹೆಸರು ಹೊಡೆದರೆ ಪೆನ್ನು ಎರಡರ ಮೇಲೂ ಹರಿಯುತ್ತಿತ್ತು.

"ಇಲ್ರಿ ಸಾವ್ಕಾರ್ರ," ಅಂದ. "ನಾ ಹೇಳಿಲ್ಲ."

"ಅಂದ್ರ?"

"ನನಗ ಕೇಳಿಸಿಲ್ರಿ. ಕಿವಿ ಹೋಗ್ಯಾವ. ವರ್ಷ ಆತು, ಬರಾಬರ್ ಕೇಳ್ಸಾಂಗಿಲ್ಲ. ಮರ್ಯಾದಿ ಹೋಗ್ತದಂತ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ, ಸುಮ್ಮ ಸಳಿ ಹಚ್ಚಿ ಹೂಂ ಅಂತಿದ್ದೆ. ನಲವತ್ತ ವರ್ಷದ ಮಿಸ್ತ್ರಿಗೇ ಕೇಳಿಸಲಿಲ್ಲ ಅಂದ್ರ ಈ ಹುಡುಗಿಗಿ ಹ್ಯಾಂಗ ಕೇಳಿಸಬೇಕ್ರಿ? ಅದನ್ನ ನೋಡೋ ಮಷೀನ್ ಆಕಿ ಕೈಯಾಗೂ ಇಲ್ಲ. ತಪ್ಪ ಆಕಿದಲ್ಲ."

ಬಕ್ಕಪ್ಪನವರ ಮುಖದಲ್ಲಿದ್ದ ಸಿಟ್ಟು ಇಳಿದು, ಅದರ ಜಾಗಕ್ಕೆ ಕನಿಕರ ಬಂತು. ಬೈದಿದ್ದರೂ ನರಸಿಂಗ ತಡೆದುಕೊಳ್ಳುತ್ತಿದ್ದ. ಅವರು ಅವನ ಭುಜ ತಟ್ಟಿ, ಕಿವಿಯ ಹತ್ತಿರ ಬಗ್ಗಿ, ದೊಡ್ಡ ದನಿಯಲ್ಲಿ, "ಇರ್ಲಿ ಬಿಡ್ರಿ, ವಯಸ್ಸಾದ ಮ್ಯಾಲ ಎಲ್ಲಾರಿಗೂ ಆಗೋದೇ," ಅಂದರು. ಬಾಗಿಲಲ್ಲಿ ನಿಂತಿದ್ದ ಅಮೀರ ತಲೆ ತಗ್ಗಿಸಿದ. ಅಮೃತ ಕಾಗದವನ್ನು ಮಡಿಚಿ ಬದಿಗಿಟ್ಟು, ಸವೆದ ಬೇರಿಂಗ್ ಸ್ಕ್ಯಾನರಿನ ಯಾವ ಪರೀಕ್ಷೆಯಲ್ಲೂ ಗೊತ್ತಾಗುವಂಥದ್ದಲ್ಲ ಎಂದು ಮೇಲಿನವರಿಗೆ ಬರೆಯುತ್ತೇನೆ, ಎಂಜಿನ್ನು ಇನ್ನೂ ವಾರಂಟಿಯಲ್ಲಿದೆ, ವಿಶಾಖಾಳ ಲೆಕ್ಕಕ್ಕೆ ಇದು ಬರುವುದಿಲ್ಲ ಎಂದ. ಹೊರಡುವಾಗ ಬಕ್ಕಪ್ಪ ವಿಶಾಖಾಳಿಗೆ, "ಮೇಡಂ, ಇನ್ಮ್ಯಾಲ ಗಾಡಿ ಬಂಗ್ಲಾದಾಗ ನಿಂದ್ರಸೂದ ಬ್ಯಾಡ, ನೀವ ಹೋಗ್ಲಿ ಅಂದ್ರ ಹೋಗ್ತದ," ಅಂದರು. ನರಸಿಂಗನಿಗೆ ಅದು ಕೇಳಿಸುವುದಿಲ್ಲ ಎಂದುಕೊಂಡು ದನಿ ತಗ್ಗಿಸದೆಯೇ ಹೇಳಿದರು.

ಅಪ್ಪನನ್ನು ಮನೆಗೆ ಬಿಟ್ಟು ಬರುತ್ತೇನೆ ಎಂದು ಕೇಳಿ ವಿಶಾಖಾ ಸ್ಕೂಟಿ ತೆಗೆದಳು. ನರಸಿಂಗ ಹಿಂದೆ ಕೂತ. ಹೈವೇ ತುಂಬ ಲಾರಿಗಳು, ಎದುರು ಗಾಳಿ, ಬೆನ್ನ ಹಿಂದೆ ಹಾರನ್ನು. ಊರು ದಾಟಿ ನಾಲ್ಕೈದು ಕಿಲೋಮೀಟರ್ ಆಗಿತ್ತು.

"ಅಪ್ಪಾ," ಅಂದಳು. ದನಿ ಎತ್ತಲಿಲ್ಲ, ಹಿಂದೆ ತಿರುಗಲಿಲ್ಲ, ಮನೆಯಲ್ಲಿ ಪಕ್ಕದಲ್ಲಿ ಕೂತು ಮಾತಾಡುವಷ್ಟೇ ಮೆಲ್ಲಗೆ. "ಅವತ್ತ ನಿನಗ ಸಪ್ಪಳ ಕೇಳಿಸಿತ್ತು, ಹೌದಲ್ಲ?"

ಅವನಿಗೆ ಕೇಳಿಸಲಿಲ್ಲ ಅನ್ನಬಹುದಿತ್ತು. ಆ ಗಾಳಿಯಲ್ಲಿ, ಆ ಗದ್ದಲದಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ. ಅದೂ ಕಿವಿ ಹೋಗಿದೆ ಎಂದು ಊರ ಮುಂದೆ ಈಗ ತಾನೆ ಹೇಳಿ ಬಂದವನಿಗೆ.

"ಕೇಳಿಸಿತ್ತವ್ವಾ."

"ಮತ್ತ ಯಾಕ ಹೇಳಲಿಲ್ಲ?"

"ನಿನ್ನ ಮ್ಯಾಲ ಹೊಟ್ಟಿಕಿಚ್ಚ ಬಂದಿತ್ತು."

ಹೇಳಿಬಿಟ್ಟ. ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ, ಅವನಿಗೆ ಹಾಗೇನೂ ಆಗಲಿಲ್ಲ. ಮಗಳ ಬೆನ್ನು ಒಮ್ಮೆ ಬಿಗಿಯಾದದ್ದು ಕಂಡಿತು, ಅಷ್ಟೇ. ಸ್ಕೂಟಿ ಒಂದೇ ವೇಗದಲ್ಲಿ ಓಡುತ್ತಿತ್ತು. ರಾಜೇಶ್ವರ ಬಂತು, ಹೋಯಿತು.

"ಅವತ್ತ ಸಳಿ ತೆಗದಾಗ ನಾ ನಿನ್ನ ಮಾರಿ ನೋಡಿದ್ದೆ," ಎಂದಳು ವಿಶಾಖಾ. "ಏನೋ ಮುಚ್ಚಿಡಾಕತ್ತೀ ಅನಿಸಿತ್ತು. ಗಾಡಿ ಹೊಳ್ಳಿ ಒಯ್ದ ಬಿಚ್ಚಿ ನೋಡಬೇಕಂತ ಮಾಡಿದ್ದೆ."

"ಮತ್ತ?"

"ಎಂಜಿನ್ ವಿಷಯದಾಗ ನಮ್ಮಪ್ಪ ಸುಳ್ಳ ಹೇಳಾಂಗಿಲ್ಲ ಅಂತ ಬಿಟ್ಟೆ."

ನರಸಿಂಗ ಅವಳ ಹಿಂದೆ ಕೂತೇ ಇದ್ದ. ಬಂಗ್ಲಾ ಇನ್ನೂ ದೂರವಿತ್ತು, ಇಲ್ಲೇ ಇಳಿಸು, ನಡೆದು ಬರುತ್ತೇನೆ ಅನ್ನುವ ಹಾಗೂ ಇರಲಿಲ್ಲ.